ಹೊಸ ಹಣ್ಣು: ಯಾರಿಗೆ ಸರಿ, ಯಾರಿಗೆ ಬೇಡ?

ಒಂದು ಬೆಳಿಗ್ಗೆ ತಾಯಿಯೊಬ್ಬರು ಎಂಟು ವರ್ಷದ ಮಗನ ಕೈಹಿಡಿದು ಗಾಬರಿಯಿಂದ ನನ್ನ ಚಿಕಿತ್ಸಾಲಯಕ್ಕೆ ಬಂದರು. “ಡಾಕ್ಟ್ರೇ, ಮೂತ್ರದಲ್ಲಿ ರಕ್ತ ಹೋಗ್ತಾ ಇದೆ” ಎಂದರು. ಹುಡುಗನಿಗೆ ಜ್ವರವಿಲ್ಲ, ನೋವಿಲ್ಲ. ಪರೀಕ್ಷೆಯಲ್ಲಿ ರಕ್ತಕಣವೂ ಕಾಣಲಿಲ್ಲ. ಹಿಂದಿನ ರಾತ್ರಿ ಏನು ತಿಂದೆ ಎಂದು ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ತಂದಿದ್ದರು. ಮಗ ಒಬ್ಬನೇ ಇಡೀ ಹಣ್ಣು ಮುಗಿಸಿದ್ದ!

ಬೀಟ್‌ರೂಟ್‌ನಲ್ಲಿರುವ ಜಾತಿಯ ಬಣ್ಣವೇ ಈ ಹಣ್ಣಿನಲ್ಲೂ ಇದೆ. ಇದನ್ನು ತಿಂದ ಮೇಲೆ ಮೂತ್ರ, ಮಲ ಒಂದೆರಡು ದಿನ ಕೆಂಪಾದರೆ ಹೆದರಬೇಕಿಲ್ಲ. ಆಮೇಲೂ ಬಣ್ಣ ಉಳಿದರೆ, ಅಥವಾ ನೋವು, ಜ್ವರ ಇದ್ದರೆ ಪರೀಕ್ಷೆ ಮಾಡಿಸಲೇಬೇಕು.

ಆದರೆ ಎಲ್ಲ ಹಣ್ಣುಗಳೂ ಇಷ್ಟು ಸಾಧುವಲ್ಲ.

ಕಿವಿ ಹಣ್ಣು: ಕೆಲವರಿಗೆ ಇದು ಒಗ್ಗುವುದಿಲ್ಲ. ತಿಂದೊಡನೆ ನಾಲಿಗೆ, ಗಂಟಲು ತುರಿಸುತ್ತದೆ, ತುಟಿ ಊದಿಕೊಳ್ಳುತ್ತದೆ. ರಬ್ಬರ್ ಕೈಗವಸು, ಬಲೂನು ಮುಟ್ಟಿದರೆ ತುರಿಕೆ ಬರುವವರಿಗೆ ಕಿವಿ, ಬೆಣ್ಣೆಹಣ್ಣು, ಬಾಳೆಹಣ್ಣು ಕೂಡ ಅಲರ್ಜಿ ತರಬಹುದು. ಉಸಿರಾಟ ಕಷ್ಟವಾದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ನೂರು ಗ್ರಾಂ ಕಿವಿಯಲ್ಲಿ ಸುಮಾರು 300 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಮೂತ್ರಪಿಂಡ ಸೋತವರ ದೇಹದಿಂದ ಇದು ಸರಿಯಾಗಿ ಹೊರಹೋಗದೆ ಹೃದಯದ ಬಡಿತವನ್ನೇ ಕೆಡಿಸಬಹುದು.

ನಕ್ಷತ್ರ ಹಣ್ಣು: ಇದೇ ನಮ್ಮ ಕಮರಾಕ್ಷಿ, ಧಾರೆಹುಳಿ. ಮೂತ್ರಪಿಂಡದ ಕಾಯಿಲೆ ಇರುವವರು ಇದನ್ನು, ಇದರ ರಸವನ್ನು ಮುಟ್ಟಲೇಬಾರದು. ಇದರಲ್ಲಿರುವ ವಿಷಾಂಶ ಮಿದುಳಿಗೇರಿದರೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತವೆ. ಸಾವು ಸಂಭವಿಸಿದ್ದೂ ಉಂಟು.

ಗ್ರೇಪ್‌ಫ್ರೂಟ್: ಇದು ದ್ರಾಕ್ಷಿಯಲ್ಲ, ಚಕ್ಕೋತದ ಸಂಬಂಧಿ. ಕೆಲವು ಮಾತ್ರೆಗಳ ಔಷಧಿ ಕರುಳಿನಲ್ಲಿ ವಿಭಜನೆಯಾಗುವುದನ್ನು ಈ ಹಣ್ಣು ತಡೆಯುವುದರಿಂದ ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ರಕ್ತದೊತ್ತಡದ ಫೆಲೋಡಿಪಿನ್, ನಿಫೆಡಿಪಿನ್ ಇಂಥವು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದರೂ ಪ್ರಯೋಜನವಿಲ್ಲ. ಹಣ್ಣಿನ ಪರಿಣಾಮ ಒಂದು ದಿನಕ್ಕೂ ಹೆಚ್ಚು ಹೊತ್ತು ಇರುತ್ತದೆ.

ಹಾಗಾದರೆ ಹೊಸ ಹಣ್ಣು ತಿನ್ನಲೇಬಾರದೇ? ಖಂಡಿತ ತಿನ್ನಿ. ಚೆನ್ನಾಗಿ ತೊಳೆದು ಹೆಚ್ಚಿ. ಮೊದಲ ಸಲ ಒಂದು ಸಣ್ಣ ಹೋಳು ಸಾಕು. ತೊಂದರೆಯಾಗದಿದ್ದರೆ ಮರುದಿನ ಇನ್ನಷ್ಟು. ಒಂದೇ ದಿನ ಎರಡು ಹೊಸ ಹಣ್ಣು ಬೇಡ; ತೊಂದರೆಯಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಇನ್ನೊಂದು ಮಾತು. ಕಾಯಿಲೆಯವರನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವುದು ನಮ್ಮ ರೂಢಿ. ಈಗೀಗ ಬಣ್ಣದ ಕಾಗದ ಸುತ್ತಿದ ವಿದೇಶಿ ಹಣ್ಣಿನ ಬುಟ್ಟಿಯೇ ಹೋಗುತ್ತದೆ. ಗಟ್ಟಿಮುಟ್ಟಾದವರಿಗೆ ಏನೂ ಮಾಡದ ಹಣ್ಣು ಹಾಸಿಗೆ ಹಿಡಿದವರಿಗೇ ಅಪಾಯ ತರಬಹುದು. ಕೊಡುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.

ಬೆಲೆ ಹೆಚ್ಚಾದ ಮಾತ್ರಕ್ಕೆ ಸತ್ವ ಹೆಚ್ಚಲ್ಲ. ವಿಟಮಿನ್ ‘ಸಿ’ ವಿಷಯದಲ್ಲಿ ನಮ್ಮ ಸೀಬೆಹಣ್ಣು ಹಸಿರು ಕಿವಿಯನ್ನು ಸುಲಭವಾಗಿ ಹಿಂದಿಕ್ಕುತ್ತದೆ!