ಮುಯ್ಯಾಳಿನ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಿರಿಯರಿಗೆ ಮುಯ್ಯಾಳು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ನಿಮ್ಮ ಹೊಲದ ರಾಗಿ ಕೊಯ್ಲಿಗೆ ನಾವು ಬರುತ್ತೇವೆ, ನಾಳಿದ್ದು ನಮ್ಮ ಹೊಲಕ್ಕೆ ನೀವು ಬರಬೇಕು. ಅದಕ್ಕೆ ಕೂಲಿ ಇಲ್ಲ, ಹಾಗಂತ ಅದು ಉಪಕಾರವೂ ಅಲ್ಲ. ಬಂದವರಿಗೂ ತಮ್ಮ ಹೊಲದ ಚಿಂತೆ ಇರುತ್ತದೆ, ಅದಕ್ಕೇ ಬಂದಿರುತ್ತಾರೆ. ಕುಡಿತ ಬಿಟ್ಟ ಒಬ್ಬರು, ಬಿಡಬೇಕು ಅನ್ನುವ ಇನ್ನೊಬ್ಬರ ಜೊತೆ ನಿಲ್ಲುವುದನ್ನು ವೈದ್ಯರು ಸಹವ್ಯಸನಿಗಳ ಬೆಂಬಲ ಎಂದು ಕರೆಯುತ್ತಾರೆ. ನನಗೆ ಮುಯ್ಯಾಳು ಅನ್ನುವ ಮಾತೇ ಸರಿ ಅನ್ನಿಸುತ್ತದೆ. ಯಾಕೆಂದರೆ ಇಲ್ಲಿ ಕೈ ಹಿಡಿದು ಎತ್ತುವವರಿಗೂ ಆ ಹಿಡಿತ ಅಷ್ಟೇ ಬೇಕು. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಹಿಂದಿನ ಅಧ್ಯಾಯದಲ್ಲಿ ಮದ್ಯ ಮಿದುಳನ್ನು ಹೇಗೆ ಪಳಗಿಸಿಕೊಳ್ಳುತ್ತದೆ ಎಂದು ನೋಡಿದೆವು. ಕೈ ನಡುಕ, ಬೆವರು, ನಿದ್ದೆಗೇಡುಗಳು ಆಸ್ಪತ್ರೆಯ ಔಷಧಿಯಿಂದ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಇಳಿಯುತ್ತವೆ. ಕಷ್ಟ ಶುರುವಾಗುವುದು ಹನ್ನೊಂದನೆಯ ದಿನ. ಮನುಷ್ಯ ಮನೆಗೆ ಬರುತ್ತಾನೆ. ಮನೆ ಅದೇ, ಬೀದಿ ಅದೇ, ಸಂಜೆ ಏಳು ಗಂಟೆಯೂ ಅದೇ.

ತೆಂಗಿನ ಸೀಮೆಯಲ್ಲಿ ಆ ಹನ್ನೊಂದನೆಯ ದಿನಕ್ಕೆ ತನ್ನದೇ ಕಾಟಗಳಿವೆ. ಇಲ್ಲಿಯ ಉಂಡೆ ಕೊಬ್ಬರಿ ಆತುರದ ಬೆಳೆಯಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಒಳಗೊಳಗೇ ಒಣಗಬೇಕು. ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಒಳಗೆ ಸದ್ದು ಮಾಡಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಮೂಟೆ ಕಟ್ಟಿ ತಿಪಟೂರು ಮಾರುಕಟ್ಟೆಯ ಹರಾಜಿಗೆ. ವರ್ಷವೆಲ್ಲ ಕಾದ ದುಡ್ಡು ಒಂದೇ ದಿನ ಜೇಬಿಗೆ ಬರುತ್ತದೆ. ಬೆಲೆ ಏರಿದ್ದರೆ ಸಂತೋಷಕ್ಕೆ ಒಂದು ಏಟು, ಬಿದ್ದಿದ್ದರೆ ಸಂಕಟಕ್ಕೆ ಒಂದು ಏಟು. ಮರ ಹತ್ತುವವರಿಗೆ, ಕಾಯಿ ಸುಲಿಯುವವರಿಗೆ ದಿನಗೂಲಿ, ಜೊತೆಗೆ ದಿನದ ಮೈನೋವು. ತಿಥಿ, ಬಾಡೂಟ, ಜಾತ್ರೆ, ಚುನಾವಣೆ ಬೇರೆ ಇವೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಗಿ ಟೆಟ್ರಾ ಪ್ಯಾಕು ಬಂತು. ಅಂಗಡಿಯ ಬೋರ್ಡು ಬದಲಾಯಿತೇ ಹೊರತು ಒಗ್ಗಿಹೋದ ಮೈಯ ಬಯಕೆ ಬದಲಾಗಲಿಲ್ಲ.

ಆ ಸಂಜೆ ಏಳು ಗಂಟೆಗೆ ವೈದ್ಯರು ಇರುವುದಿಲ್ಲ. ಹೆಂಡತಿ ಹೇಳಿದರೆ ಸಿಟ್ಟು, ಅಪ್ಪ ಹೇಳಿದರೆ ಅವಮಾನ, ಮೇಷ್ಟ್ರು ಹೇಳಿದರೆ ಉಪದೇಶ. ಅದೇ ಮಾತನ್ನು ಇದೇ ಅಂಗಡಿಯ ಮುಂದೆ ಬಿದ್ದು ಎದ್ದವನೊಬ್ಬ ಹೇಳಿದರೆ ಕಿವಿ ತೆರೆಯುತ್ತದೆ. ಇದನ್ನು ಜಗತ್ತು ಸ್ಪಷ್ಟವಾಗಿ ಕಂಡದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ.

ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರಕ್ಕೆಂದು ಆಕ್ರನ್‌ಗೆ ಬಂದು, ಅದು ಕೆಟ್ಟು, ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರಿನಿಂದ ನಗು, ಮಾತು ಕೇಳುತ್ತಿತ್ತು. ಇನ್ನೊಂದು ಕಡೆ ಟೆಲಿಫೋನ್ ಇತ್ತು. ಅವನಿಗೆ ಹೊಳೆದದ್ದು ಒಂದೇ: ಈ ಊರಿನಲ್ಲಿ ನನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿ ಮಾತಾಡದಿದ್ದರೆ ನಾನು ಇವತ್ತು ಕುಡಿಯುತ್ತೇನೆ. ಅಲ್ಲಿನ ಪಾದ್ರಿಯೊಬ್ಬರಿಗೆ ಫೋನ್ ಮಾಡಿದ. ಅವರಿವರ ಮೂಲಕ ಸಿಕ್ಕಿದವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕುಡಿತ ಕೈಮೀರಿದ್ದ ಆ ವೈದ್ಯರು ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾರೆ ಎಂದು ಹೇಳಿಯೇ ಬಂದರು. ಸಂಜೆ ಐದಕ್ಕೆ ಕೂತವರು ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಅವರಿಗೆ ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿಕೊಂಡ. ನಡುವೆ ಬಾಬ್ ಒಮ್ಮೆ ಜಾರಿದರು. 1935ರ ಜೂನ್ 10ರಂದು ಆಪರೇಷನ್ನಿಗೆ ಹೊರಟಾಗ ಕೈ ನಡುಕ ನಿಲ್ಲಲೆಂದು ಒಂದು ಬಾಟಲಿ ಬಿಯರ್ ಕುಡಿದರು. ಅದೇ ಕೊನೆ. 1950ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಮುಟ್ಟಲಿಲ್ಲ. ಆ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಬಳಗ, ತಾನು ಹುಟ್ಟಿದ ದಿನ ಎಂದು ಎಣಿಸುತ್ತದೆ. ಭಾರತದಲ್ಲಿ ಎ.ಎ. ಶುರುವಾದದ್ದು 1957ರಲ್ಲಿ.

ಬಿಲ್ ಆ ದಿನ ಹೋಗಿದ್ದು ಬಾಬ್‌ರನ್ನು ಉಳಿಸಲಿಕ್ಕಲ್ಲ, ತಾನು ಉಳಿಯಲಿಕ್ಕೆ. ನೆರವಾದವನಿಗೂ ಅದರಿಂದ ಒಳಿತಾಗುತ್ತದೆ ಎಂಬ ಈ ಸಂಗತಿಯನ್ನು ಸಮಾಜವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲಿ ಒಂದು ತತ್ವವಾಗಿಯೇ ಬರೆದರು. ನಮ್ಮ ಹೊಲಗಳಲ್ಲಿ ಅದು ಅದಕ್ಕೂ ಹಿಂದಿನಿಂದ ಬಳಕೆಯಲ್ಲಿತ್ತು.

ನಮ್ಮಲ್ಲಿ ಈ ಮುಯ್ಯಾಳು ಹಳ್ಳಿಗೆ ಹೆಚ್ಚಾಗಿ ಬಂದದ್ದು ಬೇರೆ ದಾರಿಯಲ್ಲಿ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯ ಜೊತೆ ಸೇರಿ, ಕರ್ನಾಟಕದಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ತುಮಕೂರು ಜಿಲ್ಲೆಯ ಊರುಗಳಲ್ಲೂ ನಡೆದಿವೆ. ಎಂಟು ದಿನದ ಶಿಬಿರ. ಜಾಗ ಊರಿನ ಸಮುದಾಯ ಭವನವೋ ಕಲ್ಯಾಣ ಮಂಟಪವೋ ಆಗಿರುತ್ತದೆ. ಊಟ, ವ್ಯವಸ್ಥೆ ಊರಿನವರ ಸಮಿತಿಯದು. ಯೋಗ, ಭಜನೆ, ಆಪ್ತಸಲಹೆ, ಮನೆಯವರು ಬರುವ ದಿನ, ಕೊನೆಗೆ ಪ್ರತಿಜ್ಞೆ. ಇದಿಷ್ಟೂ ಹೊರಗಿನವರ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಆಮೇಲಿನದು. ಶಿಬಿರ ಮುಗಿಸಿದವರು ಊರಿನಲ್ಲಿ ನವಜೀವನ ಸಮಿತಿ ಮಾಡಿಕೊಂಡು ಆಗಾಗ ಸೇರಬೇಕು. ಎಂಟು ದಿನದ ಶಿಬಿರ ನಾಟಿ ಮಾಡಿದ ಹಾಗೆ, ಸಮಿತಿಯ ಸಭೆ ನೀರು ಕಟ್ಟಿದ ಹಾಗೆ. ನಾಟಿಗೆ ಸಂಭ್ರಮದಿಂದ ಬಂದ ಊರು ನೀರು ಕಟ್ಟುವಾಗ ಮರೆತುಬಿಡುತ್ತದೆ. ಸೋಲು ಹೆಚ್ಚಾಗಿ ಅಲ್ಲೇ ಆಗುವುದು.

ಅಂಥ ಒಂದು ಸಭೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಶಾಲೆಯ ಜಗಲಿ, ಎಂಟು ಹತ್ತು ಜನ, ಒಂದು ಚಾಪೆ, ಯಾರ ಮನೆಯಿಂದಲೋ ಬಂದ ಕಾಫಿ. ಕಾಯಿ ಸುಲಿದು ಹೆಬ್ಬೆರಳು ಕಪ್ಪಾಗಿರುವ ಒಬ್ಬರು ನೆಲ ನೋಡುತ್ತಾ ಮಾತು ತೆಗೆಯುತ್ತಾರೆ:

“ನಿನ್ನೆ ಕೊಬ್ಬರಿ ದುಡ್ಡು ಬಂತು ಕಣಣ್ಣ. ಕ್ರಾಸಲ್ಲಿ ಬಸ್ ಇಳ್ದೆ. ಅಂಗ್ಡಿ ಲೈಟ್ ಕಾಣ್ತು. ಕಾಲು ತಾನೇ ಆ ಕಡೆ ತಿರುಗ್ತು.”

“ಆಮೇಲೆ?”

“ಆಮೇಲೇನ್ ಮಾಡ್ಲಿ, ನಿನಗೇ ಫೋನ್ ಮಾಡ್ದೆ.”

“ನೀನು ಮಾಡಿದ್ದಕ್ಕೆ ನಾನೂ ಉಳ್ಕೊಂಡೆ ಕಣಪ್ಪ. ನಿನ್ನೆ ನಂಗೂ ಮನಸ್ಸು ಸರಿ ಇರ್ಲಿಲ್ಲ.”

ಇಷ್ಟೇ ಮಾತು. ಇದನ್ನು ಕೇಳಿದ ಮೂರನೆಯವನಿಗೆ ತಿಳಿಯುವುದೇನೆಂದರೆ, ಕುಡಿತ ಬಿಟ್ಟವರಿಗೂ ಬಯಕೆ ಬರುತ್ತದೆ, ಬಂದದ್ದು ಕುಡಿಯದೆಯೂ ಹೋಗುತ್ತದೆ. ಕುಡಿಯಬೇಕೆಂಬ ತೀವ್ರ ಸೆಳೆತ ಅಲೆಯ ಹಾಗೆ ಏರಿ, ಸ್ವಲ್ಪ ಹೊತ್ತಿನಲ್ಲೇ ಇಳಿಯುವಂಥದ್ದು. ಆ ಹೊತ್ತನ್ನು ಕಳೆಯಲು ಇನ್ನೊಂದು ದನಿ ಬೇಕು. ಪುಸ್ತಕ ಇದನ್ನು ಹೇಳಬಲ್ಲದು, ನಾನೂ ಈಗ ಹೇಳುತ್ತಿದ್ದೇನೆ. ಆದರೆ ಪಕ್ಕದಲ್ಲಿ ಕೂತ ಮನುಷ್ಯನ ಮುಖದಲ್ಲಿ ಅದನ್ನು ಕಂಡಾಗ ಆಗುವ ನಂಬಿಕೆ ಬೇರೆ.

ಎ.ಎ. ಸಭೆಯಲ್ಲಿ ಹೆಸರು ಹೊರಗೆ ಹೋಗಬಾರದು ಎಂಬುದು ಕಟ್ಟುನಿಟ್ಟು. ದೊಡ್ಡ ಪಟ್ಟಣಕ್ಕೆ ಅದು ಸರಿ. ನೂರೈವತ್ತು ಮನೆಯ ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆ, ಯಾರು ಬಿಟ್ಟರು ಎಂಬುದು ಎಲ್ಲರಿಗೂ ಗೊತ್ತು. ಧರ್ಮಸ್ಥಳದ ಕ್ರಮ ಅದನ್ನು ಮುಚ್ಚಿಡದೆ ಬಲವಾಗಿ ಮಾಡಿಕೊಂಡಿತು: ಊರ ಮುಂದೆ ಪ್ರತಿಜ್ಞೆ, ಊರ ಮುಂದೆ ಹಾರ. ಸಂಕೋಚದಿಂದ ತಲೆ ತಗ್ಗಿಸಿದ್ದವನಿಗೆ ಆ ಹಾರದ ಬೆಲೆ ದೊಡ್ಡದು. ಆದರೆ ಅದೇ ಹಾರ ಜಾರಿದ ದಿನ ಉರುಳಾಗುತ್ತದೆ. ಮಂಜುನಾಥಸ್ವಾಮಿಯ ಹೆಸರಿನಲ್ಲಿ ಮಾತು ಕೊಟ್ಟು ತಪ್ಪಿದೆ, ಇನ್ನು ಯಾವ ಮುಖ ಹೊತ್ತು ಹೋಗಲಿ ಎಂದು ಸಭೆ ಬಿಟ್ಟವನು ಪೂರಾ ಮುಳುಗುತ್ತಾನೆ. ವೈದ್ಯಶಾಸ್ತ್ರ ಮದ್ಯವ್ಯಸನವನ್ನು ಮರುಕಳಿಸುವ ಕಾಯಿಲೆ ಎನ್ನುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಆಸ್ಪತ್ರೆಗೆ ಬರಬೇಡ ಎನ್ನುತ್ತೇವೆಯೇ? ಸಭೆ ಇರುವುದೇ ಜಾರಿದವನಿಗೆ. ಅವನು ಬಾರದಿದ್ದರೆ ಇಬ್ಬರು ಎದ್ದು ಅವನ ಮನೆಗೆ ಹೋಗಬೇಕು. ಬಯ್ಯಲಿಕ್ಕಲ್ಲ, ಕರೆತರಲಿಕ್ಕೆ. ಡಾ. ಬಾಬ್ ಕೂಡ ಒಮ್ಮೆ ಜಾರಿದ್ದರು ಎಂಬುದನ್ನು ನೆನೆಯಬೇಕು.

ದೇವರ ಹೆಸರು ಬೇಡವೆನ್ನುವವರಿಗೂ ದಾರಿ ಇದೆ. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ, ಊರಿನವರ ಹೊಣೆಯಲ್ಲೇ, ವೈದ್ಯರ ಸಮೇತ ಶಿಬಿರ ನಡೆಸಿ ತೋರಿಸಿತು.

ಇದೆಲ್ಲ ಬರೀ ನಂಬಿಕೆಯ ಮಾತಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಅನುಭವವನ್ನು ಒಟ್ಟಿಗೆ ತೂಗಿತು. ಎ.ಎ. ಬಳಗಕ್ಕೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರವೂ ಕುಡಿಯದೆ ಉಳಿದವರು ನೂರಕ್ಕೆ ಸುಮಾರು 42, ಬೇರೆ ಬಗೆಯ ಚಿಕಿತ್ಸೆಯಲ್ಲಿ ಸುಮಾರು 35. ಅಂತರ ಪವಾಡದ್ದಲ್ಲ. ಹೆಚ್ಚು ಖರ್ಚಿಲ್ಲದ ಒಂದು ಚಾಪೆ, ಒಂದು ಕಾಫಿಗೆ ಇದು ದೊಡ್ಡ ಫಲ. ನಮ್ಮ ದೇಶದಲ್ಲಿ ಇದರ ಅಗತ್ಯ ಎಷ್ಟೆಂದರೆ, ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಆದರೆ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು ಪ್ರತಿಜ್ಞೆ ಮಾಡಿ ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣುವುದು, ಗುರುತು ತಪ್ಪುವುದು ಆದರೆ ಪ್ರಾಣಕ್ಕೇ ಅಪಾಯ. ಅವರಿಗೆ ಮೊದಲು ವೈದ್ಯರು, ಔಷಧಿ, ಬಿ1 ವಿಟಮಿನ್. ಜೊತೆಗಾರನ ಕೆಲಸ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಪಕ್ಕದಲ್ಲಿ ಕೂರುವುದು. ಕರ್ನಾಟಕದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಊಟದಲ್ಲಿ ಗೊತ್ತಾಗದಂತೆ ಪುಡಿ, ಮಾತ್ರೆ ಬೆರೆಸಿ ಕೊಡಬೇಡಿ. ಡೈಸಲ್ಫಿರಾಮ್‌ನಂಥ ಮಾತ್ರೆ ಇದ್ದು ಅವರು ಕುಡಿದರೆ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಕಟ್ಟಿಹಾಕಿ ಹೊಡೆದು ಬಿಡಿಸುತ್ತೇವೆ ಎನ್ನುವ ಜಾಗಕ್ಕೆ ಯಾರನ್ನೂ ಸೇರಿಸಬೇಡಿ. ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಮದ್ಯವ್ಯಸನವೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಮನೆಯ ಹೆಂಗಸರಿಗೂ ಮುಯ್ಯಾಳು ಬೇಕು. ಬಿಲ್‌ನ ಹೆಂಡತಿ ಲೋಯಿಸ್ ವಿಲ್ಸನ್ 1951ರಲ್ಲಿ ಕುಡಿಯುವವರ ಮನೆಯವರಿಗೇ ಅಲ್-ಅನಾನ್ ಬಳಗ ಕಟ್ಟಿದರು. ನಮ್ಮಲ್ಲಿ ಎಷ್ಟೋ ಹೆಂಗಸರು ಮನೆಯ ವಿಷಯವನ್ನು ಮೊದಲು ಬಾಯಿಬಿಟ್ಟು ಹೇಳುವುದು ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ಕಂತು ಕಟ್ಟಲಾಗದ ದಿನ. ಆ ಹೊತ್ತು ಕಂತಿನ ಪುಸ್ತಕವನ್ನು ಸ್ವಲ್ಪ ಪಕ್ಕಕ್ಕಿಟ್ಟು ಆಕೆಯ ಮಾತು ಕೇಳಿ, ಅಕ್ಕ ತಂಗಿಯರೇ.

ನಿಮ್ಮ ಊರಿನಲ್ಲಿ ಕುಡಿತ ಬಿಟ್ಟು ವರ್ಷ ದಾಟಿದವರು ಇಬ್ಬರಿದ್ದರೆ ಸಾಕು, ವಾರಕ್ಕೊಮ್ಮೆ ಸೇರಬಹುದು. ಯಾರೂ ಇಲ್ಲದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡಕ್ಕೂ ಕರೆ ಉಚಿತ. ಕುಡಿಯದ ನಮ್ಮಂಥವರಿಂದ ಅವರಿಗೆ ಆಗಬೇಕಾದ ಕೆಲಸ ಚಿಕ್ಕದು. ಬಿಟ್ಟವರು ನಿಮ್ಮ ಮನೆಯ ಬಾಡೂಟಕ್ಕೋ ತಿಥಿಗೋ ಬಂದು “ಬೇಡ” ಅಂದರೆ, ಒಂದೇ ಒಂದು ಅಂತ ಒತ್ತಾಯ ಮಾಡಬೇಡಿ. ಎಳನೀರು ಕೆತ್ತಿ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತುಕೊಳ್ಳಿ.