ಅಂಚೆಯವನೇ ಕಾಗದ ಓದಿದರೆ?

ಕೊರೋನಾ ಕಾಲದಲ್ಲಿ ಕೊಡಗಿನ ಮುಳ್ಳೂರಿನ ಸರ್ಕಾರಿ ಶಾಲೆಯ ಉಪಾಧ್ಯಾಯರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿ, ಅಲ್ಲಿ ಕುಳಿತು ಮಕ್ಕಳಿಗೆ ಪಾಠ ಹೇಳಿದರು. ನೆಲದ ಮೇಲೆ ಸಿಗ್ನಲ್ ಸಿಗುತ್ತಿರಲಿಲ್ಲ. ಬೆಟ್ಟ, ಕಾಡು, ಮುಂಗಾರುಗಳ ಆ ನಾಡಿನಲ್ಲಿ ಇಂಟರ್‌ನೆಟ್ ಎಂಬುದು ಅಷ್ಟು ದುರ್ಲಭವಾದ ವಸ್ತು. ಅದನ್ನು ಮನೆಗೆ ತಂದುಕೊಡಲು ಬಂದ ಕಂಪನಿಯವನು ಸಣ್ಣಕ್ಷರಗಳ ಇಂಗ್ಲಿಷ್ ಷರತ್ತುಗಳನ್ನು ಮುಂದಿಟ್ಟರೆ, ಓದಿ ನೋಡುವ ವ್ಯವಧಾನ ಯಾರಿಗಿದ್ದೀತು? ರುಜು ಬೀಳುತ್ತದೆ. ಅದಕ್ಕೇ ಒಪ್ಪಿಗೆ ಎಂದು ಹೆಸರು.

ಒಪ್ಪಿದ್ದು ಏನನ್ನು? ಮನೆಯಿಂದ ಹೊರಡುವ ಪ್ರತಿಯೊಂದು ಕೋರಿಕೆಯೂ ಆ ಕಂಪನಿಯ ಯಂತ್ರಗಳ ಮೂಲಕವೇ ಹಾಯ್ದುಹೋಗಬೇಕು. ಈಗ ಬಹುತೇಕ ಜಾಲತಾಣಗಳು ಗೂಢಲಿಪಿಯ ಲಕೋಟೆಯನ್ನು ಬಳಸುವುದರಿಂದ ಒಳಗಿನ ಬರಹ ಕಂಪನಿಗೆ ಕಾಣದು. ಮೇಲ್ವಿಳಾಸ ಮಾತ್ರ ಸಾಮಾನ್ಯವಾಗಿ ಕಾಣುತ್ತದೆ: ಯಾವ ತಾಣ, ಎಷ್ಟು ಹೊತ್ತಿಗೆ, ಎಷ್ಟು ಸಲ. ರಾತ್ರಿ ಎರಡು ಗಂಟೆಗೆ ಕ್ಯಾನ್ಸರ್ ಆಸ್ಪತ್ರೆಯ ತಾಣ, ಬೆಳಗಾಗುತ್ತಲೇ ಸಾಲ ಕೊಡುವವರದು. ಲಕೋಟೆ ಒಡೆಯದೆಯೇ ಮನೆಯ ಸಂಕಟ ತಿಳಿದುಹೋಯಿತು.

ಇದು ಬರಿಯ ಶಂಕೆಯಲ್ಲ. 2015ರಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು, ಏರ್‌ಟೆಲ್ 3ಜಿ ಜಾಲದಲ್ಲಿ ತಾವು ತೆರೆದ ಪುಟದೊಳಗೆ ಯಾರೋ ಪ್ರೋಗ್ರಾಮಿನ ಸಾಲುಗಳನ್ನು ತುರುಕಿರುವುದನ್ನು ಕಂಡು ಬಹಿರಂಗಪಡಿಸಿದರು. ಗ್ರಾಹಕರಿಗೆ ತಮ್ಮ ಬಳಕೆಯ ಲೆಕ್ಕ ತಿಳಿಯಲೆಂದು ಮಾಡಿದ ಏರ್ಪಾಡು ಅದು ಎಂದು ಕಂಪನಿ ಸಮಜಾಯಿಷಿ ನೀಡಿತು. ವಕೀಲರ ನೋಟೀಸು ಹೋದದ್ದು ಮಾತ್ರ ಕಂಡುಹಿಡಿದವರಿಗೆ! ಅದನ್ನು ಕಳುಹಿಸಿದ್ದು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಸಂಸ್ಥೆ.

ಪರರ ಕಾಗದ ಓದುವ ಪದ್ಧತಿ ಕೊಡಗಿಗೆ ಹೊಸದೇನಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಸೈನ್ಯದಲ್ಲಿದ್ದ ಮಕ್ಕಳು ಮನೆಗೆ ಬರೆದ ಕಾಗದಗಳೂ ಸೆನ್ಸಾರ್ ಅಧಿಕಾರಿಗಳ ಕೈದಾಟಿಯೇ ಬರಬೇಕಿತ್ತು. ಆದರೆ ಓದಿದ್ದಕ್ಕೆ ಗುರುತಾಗಿ ಲಕೋಟೆಯ ಮೇಲೆ ಮೊಹರು ಇರುತ್ತಿತ್ತು. ಈಗಿನ ಓದಿಗೆ ಅದೂ ಇಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಆಗಿದ್ದು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಈ ಭಾಗ ಜಾರಿಗೆ ಬರುವುದಕ್ಕೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು.

ಒಪ್ಪಿಗೆ ಕೇಳುವ ತಿಳುವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಪಡೆಯುವ ಅವಕಾಶವನ್ನು ಕಾಯಿದೆ ಕೊಟ್ಟಿದೆ. ಕನ್ನಡ ಆ ಪಟ್ಟಿಯಲ್ಲುಂಟು. ಕೊಡವ ತಕ್ಕ್ ಇಲ್ಲ.