ಪ್ರವಾಸದ ಫೋಟೋ ತೆಗೆಯುವ ಮುನ್ನ: ಮನೆತನದ ನೆನಪು ಬರೆದಿಡಿ, ಕಾಡಿನಲ್ಲಿ ಕಾಯಿರಿ, ಪರರ ಊರಿನಲ್ಲಿ ಕೇಳಿ

ಶಂಶಾಬಾದ್ (ಹೈದರಾಬಾದ್): 2024ರ ಏಪ್ರಿಲ್ ಕೊನೆಯಲ್ಲಿ ಇಲ್ಲಿನ ರಾಜೀವ್ ಗಾಂಧಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಆವರಣಕ್ಕೆ ಚಿರತೆಯೊಂದು ನುಗ್ಗಿತ್ತು. ಅರಣ್ಯ ಇಲಾಖೆ ಸಿಬ್ಬಂದಿ ಬೋನುಗಳನ್ನಿಟ್ಟು, ಟ್ರ್ಯಾಪ್ ಕ್ಯಾಮೆರಾಗಳನ್ನು ಅಳವಡಿಸಿ ಕಾದರು. ದಿನಗಟ್ಟಲೆ ಸತಾಯಿಸಿದ ಚಿರತೆ ಮೇ ಮೊದಲ ವಾರದಲ್ಲಿ ಸೆರೆಯಾಯಿತು. ಅದರ ಓಡಾಟವನ್ನು ಸೆರೆಹಿಡಿದ ಟ್ರ್ಯಾಪ್ ಕ್ಯಾಮೆರಾಗಳ ಹಿಂದೆ ಯಾರೂ ನಿಂತಿರಲಿಲ್ಲ. ಪ್ರಾಣಿ ತಾನಾಗಿ ಎದುರು ಬರುವವರೆಗೆ ಅವು ಕಾದಿದ್ದವು, ಅಷ್ಟೇ.

ಕೈಯಲ್ಲಿ ಮೊಬೈಲ್ ಹಿಡಿದ ನಮಗೆ ಇಲ್ಲದಿರುವುದು ಈ ತಾಳ್ಮೆಯೇ. ಒಂದು ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಫೋನಿನಲ್ಲಿ ಸಾವಿರಾರು ಫೋಟೋ ತುಂಬಿರುತ್ತವೆ. ಹತ್ತು ವರ್ಷದ ನಂತರ ಅವುಗಳಲ್ಲಿ ಎಷ್ಟು ಉಳಿಯುತ್ತವೆ? ಉಳಿದವುಗಳಲ್ಲಿ ಇರುವವರು ಯಾರು, ಊರು ಯಾವುದು ಎಂದು ಹೇಳುವವರು ಎಷ್ಟು ಮಂದಿ ಇರುತ್ತಾರೆ?

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಭಾಗದ ಅನೇಕರಿಗೆ ಹೊರದೇಶಕ್ಕೆ ಹಾರಲು ಹತ್ತಿರದ ದೊಡ್ಡ ನಿಲ್ದಾಣ ಶಂಶಾಬಾದ್. 2008ರ ಮಾರ್ಚ್‌ನಲ್ಲಿ ಈ ನಿಲ್ದಾಣ ಆರಂಭವಾಗುವವರೆಗೆ ವಿಮಾನಗಳು ಬೇಗಂಪೇಟೆಯಿಂದ ಹೊರಡುತ್ತಿದ್ದವು. ಪ್ರವಾಸದ ಫೋಟೋಗ್ರಫಿಯ ಮೂರು ಮುಖ್ಯ ವಿಷಯಗಳಾದ ಮನೆತನದ ನೆನಪು, ವನ್ಯಜೀವಿ ಮತ್ತು ಪರರ ಸಂಸ್ಕೃತಿ ಈ ಊರಿನ ಸುತ್ತಮುತ್ತಲೇ ಸಿಗುತ್ತವೆ. ಮೂರಕ್ಕೂ ಬೇಕಾದ ಎಚ್ಚರಿಕೆ ಮಾತ್ರ ಬೇರೆ ಬೇರೆ. ಅದೇನೆಂದು ಇಲ್ಲಿ ನೋಡೋಣ.

ಮನೆತನದ ಫೋಟೋ: ಹಿಂಬದಿಯನ್ನೂ ನೋಡಿ

1956ರ ರಾಜ್ಯ ಪುನರ್ವಿಂಗಡಣೆವರೆಗೆ ಇಂದಿನ ಕಲ್ಯಾಣ ಕರ್ನಾಟಕದ ಬಹುಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಓದು, ನೌಕರಿ, ಕೋರ್ಟು, ವ್ಯಾಪಾರ ಎಂದು ಬಂದ ಎಷ್ಟೋ ಕನ್ನಡ ಕುಟುಂಬಗಳು ಇಲ್ಲೇ ನೆಲೆಸಿದವು. ಹೀಗಾಗಿ ಕಲಬುರಗಿಯವರೊಬ್ಬರು ಹೈದರಾಬಾದಿಗೆ ಬಂದು ಚಾರ್‌ಮಿನಾರ್ ಎದುರು ಸೆಲ್ಫಿ ತೆಗೆದುಕೊಳ್ಳುವಾಗ, ಅವರ ಮುತ್ಯಾ ಓಡಾಡಿದ ಬೀದಿ, ಓದಿದ ಕಾಲೇಜು ಅಲ್ಲೇ ಪಕ್ಕದಲ್ಲಿ ಇರಬಹುದು.

ಈ ನಗರಕ್ಕೆ ಫೋಟೋಗ್ರಫಿಯ ದೊಡ್ಡ ಚರಿತ್ರೆಯೂ ಇದೆ. ಮೀರತ್ ಸಮೀಪದ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿದ ಲಾಲಾ ದೀನ್‌ದಯಾಳ್, ಎಂಜಿನಿಯರಿಂಗ್ ಓದಿ ಇಂದೋರ್‌ನಲ್ಲಿ ಕೆಲಸದಲ್ಲಿದ್ದಾಗ ಕ್ಯಾಮೆರಾ ಹಿಡಿದವರು. ಮುಂದೆ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾದರು. ಸಿಕಂದರಾಬಾದ್‌ನಲ್ಲಿ ಸ್ಟುಡಿಯೋ ತೆರೆದರು. ಪರದೆಯೊಳಗಿನ ಹೆಣ್ಣುಮಕ್ಕಳಿಗಾಗಿ 1890ರ ದಶಕದಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ನಡೆಸಿ, ಅದರ ಹೊಣೆಯನ್ನು ಮಹಿಳೆಯೊಬ್ಬರಿಗೇ ವಹಿಸಿದ್ದರು. ಅವರ ಸಂಗ್ರಹದ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ರಾಜಮನೆತನದ ಚಿತ್ರಗಳನ್ನು ಕಾಪಾಡಲು ಸಂಸ್ಥೆಗಳಿವೆ. ನಮ್ಮ ನಿಮ್ಮ ಮನೆಯ ಟ್ರಂಕಿನಲ್ಲಿರುವ ಫೋಟೋಗಳನ್ನು ಕಾಪಾಡಬೇಕಾದವರು ನಾವೇ. ಊರಿಗೆ ಹೋದಾಗ ಹೀಗೆ ಮಾಡಬಹುದು:

ಫೋಟೋವನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಸಪಾಟಾಗಿ ಇಡಿ. ಫ್ಲ್ಯಾಶ್ ಬೇಡ. ಮೊಬೈಲನ್ನು ಫೋಟೋಗೆ ಸಮಾನಾಂತರವಾಗಿ ಹಿಡಿದು ಚಿತ್ರ ತೆಗೆಯಿರಿ. ಗಾಜಿಗೆ ಅಂಟಿಕೊಂಡ ಹಳೆಯ ಫೋಟೋವನ್ನು ಕೀಳಲು ಹೋಗಬೇಡಿ, ಚಿತ್ರದ ಪದರವೇ ಗಾಜಿನ ಜೊತೆ ಎದ್ದು ಬರುತ್ತದೆ. ಪ್ರತಿಫಲನ ಬೀಳದಂತೆ ಕಪ್ಪು ಬಟ್ಟೆ ಅಡ್ಡ ಹಿಡಿದು ಗಾಜಿನ ಮೇಲಿಂದಲೇ ತೆಗೆಯುವುದು ಕ್ಷೇಮ. ಸ್ಕ್ಯಾನರ್ ಇದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ.

ಆಮೇಲೆ ಫೋಟೋವನ್ನು ತಿರುಗಿಸಿ ಹಿಂಬದಿಯನ್ನೂ ತೆಗೆಯಿರಿ. ನಿಜಾಮರ ಕಾಲದಲ್ಲಿ ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದು ಆಗಿತ್ತು. ಹೀಗಾಗಿ ಕನ್ನಡದ ಮನೆಗಳಲ್ಲೂ ಹಿರಿಯರು ಉರ್ದುವಿನಲ್ಲಿ ಬರೆದಿಟ್ಟ ಕಾಗದ, ಟಿಪ್ಪಣಿಗಳು ಸಿಗುತ್ತವೆ. ಮೊಮ್ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ. ಹಿಂಬದಿಯಲ್ಲಿ 1345 ಎಂಬ ಇಸವಿ ಕಂಡರೆ ಗೊಂದಲ ಬೇಡ. ಅದು ಹೈದರಾಬಾದ್ ಸರ್ಕಾರ ಬಳಸುತ್ತಿದ್ದ ಫಸ್ಲಿ ವರ್ಷ ಆಗಿರಬಹುದು. ಅದಕ್ಕೆ 590 ಕೂಡಿಸಿದರೆ 1935ರ ಆಸುಪಾಸು ಎಂದು ತಿಳಿಯುತ್ತದೆ. ಅದೇ ಸಂಖ್ಯೆ ಹಿಜರಿ ವರ್ಷವಾಗಿದ್ದರೆ 1926-27 ಆಗುತ್ತದೆ. ಆದ್ದರಿಂದ ಉರ್ದು ಬಲ್ಲವರಿಂದ ಒಮ್ಮೆ ಓದಿಸುವುದು ಒಳ್ಳೆಯದು.

ಸ್ಟುಡಿಯೋ ಮೊಹರೂ ಕಾಲ ಹೇಳುತ್ತದೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಪಿನ್‌ಕೋಡ್ ಜಾರಿಗೆ ಬಂದದ್ದೇ ಅಂದು.

ಕೊನೆಯದಾಗಿ, ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಬರೆದುಕೊಳ್ಳಿ. ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ಮಾಸಿದ ಚಿತ್ರವನ್ನು ತಂತ್ರಜ್ಞಾನ ಸರಿಪಡಿಸೀತು. ಮುಖ ಗುರುತಿಸುವ ಕೊನೆಯ ಹಿರಿಯರು ಹೋದ ಮೇಲೆ ಹೆಸರನ್ನು ಯಾವ ಆ್ಯಪ್ ಕೂಡ ತಂದುಕೊಡಲಾರದು.

ವನ್ಯಜೀವಿ: ಹತ್ತಿರ ಹೋಗುವುದಲ್ಲ, ಕಾಯುವುದು

2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಕಾಡಾನೆಯ ಫೋಟೋ ತೆಗೆಯಲು ವಾಹನದಿಂದ ಇಳಿದಿದ್ದ ವ್ಯಕ್ತಿಯನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿದ ದೃಶ್ಯ ದೇಶದೆಲ್ಲೆಡೆ ಹರಿದಾಡಿತ್ತು. ಅದೃಷ್ಟವಶಾತ್ ಅವರು ಬದುಕುಳಿದರು. ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ವಿಧಿಸಿತು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಪರಂಪರೆ ಇದಕ್ಕೆ ತದ್ವಿರುದ್ಧ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಹಲವು ತಲೆಮಾರಿನ ಛಾಯಾಗ್ರಾಹಕರಿಗೆ ಗುರುವಿನಂತಿದ್ದರು. ಮೈಸೂರಿನ ಕೃಪಾಕರ-ಸೇನಾನಿ ಜೋಡಿ ಸೀಳುನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕಾಡಿನಲ್ಲಿ ಕಳೆದರು. ಅದರ ಫಲವಾದ 'ದಿ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದೇ ಕರೆಯುವ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಬಂತು. ಇವರ ಚಿತ್ರಗಳ ಹಿಂದಿರುವುದು ದುಬಾರಿ ಲೆನ್ಸ್‌ಗಿಂತ ಹೆಚ್ಚಾಗಿ ಪ್ರಾಣಿಯ ನಡವಳಿಕೆಯ ತಿಳಿವಳಿಕೆ.

ಅಭ್ಯಾಸ ಮಾಡಲು ದೂರದ ಕಾಡೇ ಬೇಕೆಂದಿಲ್ಲ. ಹೈದರಾಬಾದಿನ ವನಸ್ಥಲಿಪುರಂನಲ್ಲಿರುವ ಮಹಾವೀರ ಹರಿಣ ವನಸ್ಥಲಿಯಲ್ಲಿ ಕೃಷ್ಣಮೃಗಗಳಿವೆ. ಕರ್ನಾಟಕದಲ್ಲಾದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಹಂಪಿ ಬಳಿಯ ದರೋಜಿ ಕರಡಿಧಾಮ ಇವೆ. ಓಡುವ ಜಿಂಕೆಗೆ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿರಲಿ. ಹಾರುವ ಹಕ್ಕಿಗೆ ಎರಡು ಸಾವಿರದ ಒಂದು ಭಾಗ ಬೇಕಾದೀತು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಚಿತ್ರಕ್ಕೆ ಜೀವ ಬರುತ್ತದೆ. ಬೆಳಗಿನ ಮತ್ತು ಸಂಜೆಯ ಇಳಿಬಿಸಿಲು ಬಣ್ಣಗಳನ್ನು ಎತ್ತಿ ತೋರಿಸುತ್ತದೆ.

ಪ್ರಾಣಿ ತಲೆ ಎತ್ತಿ ನಿಮ್ಮನ್ನೇ ನೋಡಲು ಆರಂಭಿಸಿದರೆ, ಮೇಯುವುದನ್ನು ನಿಲ್ಲಿಸಿದರೆ ನೀವು ಅಗತ್ಯಕ್ಕಿಂತ ಹತ್ತಿರ ಇದ್ದೀರಿ ಎಂದೇ ಅರ್ಥ. ಅಲ್ಲಿಗೇ ನಿಲ್ಲಿ. ಗೂಡಿನಲ್ಲಿರುವ ಮರಿಗಳ ಚಿತ್ರಕ್ಕಾಗಿ ಕೊಂಬೆ ಸರಿಸಬೇಡಿ, ತಾಯಿ ಹಕ್ಕಿ ಗೂಡನ್ನೇ ಬಿಟ್ಟು ಹೋಗಬಹುದು. ಅಪರೂಪದ ಪ್ರಾಣಿಯ ಫೋಟೋ ಹಂಚಿಕೊಳ್ಳುವಾಗ ಫೋನಿನ ಲೊಕೇಶನ್ ಮಾಹಿತಿ ತೆಗೆದುಹಾಕಿ. ಅಭಿಮಾನಿಗಳಿಗೆ ದಾರಿ ತೋರಿಸುವ ಆ ಮಾಹಿತಿ ಬೇಟೆಗಾರರಿಗೂ ದಾರಿ ತೋರಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕು ಎಂಬುದೂ ನೆನಪಿರಲಿ.

ಇನ್ನು ಡ್ರೋನ್ ವಿಚಾರ. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಶಂಶಾಬಾದ್‌ನಂಥ ವಿಮಾನ ನಿಲ್ದಾಣದ ಸುತ್ತಮುತ್ತ ಹಾರಿಸುವ ಯೋಚನೆ ಇದ್ದರೆ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಪರರ ಸಂಸ್ಕೃತಿ: ಮೊದಲು ಮಾತು, ಆಮೇಲೆ ಫೋಟೋ

ದೂರದ ಸಂಸ್ಕೃತಿ ನೋಡಲು ಸಮುದ್ರ ದಾಟಲೇಬೇಕೆಂದಿಲ್ಲ. ಹಳೆಯ ಹೈದರಾಬಾದಿನ ಚಾಂದ್ರಾಯಣಗುಟ್ಟ ಬಳಿ ಬರ್ಕಸ್ ಎಂಬ ಬಡಾವಣೆ ಇದೆ. ನಿಜಾಮರ ಸೇನೆಗೆ ಯೆಮನ್‌ನ ಹದ್ರಮೌತ್‌ನಿಂದ ಬಂದ ಅರಬ್ ಸೈನಿಕರ ವಂಶಸ್ಥರು ಇಲ್ಲಿದ್ದಾರೆ. ಬ್ಯಾರಕ್ಸ್ ಎಂಬ ಪದವೇ ಜನರ ಬಾಯಲ್ಲಿ ಬರ್ಕಸ್ ಆಗಿದೆ. ನಗರದ ಎ.ಸಿ. ಗಾರ್ಡ್ಸ್ ಬಡಾವಣೆಗೆ ಆ ಹೆಸರು ಬಂದದ್ದು ನಿಜಾಮರ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಕುದುರೆ ಪಡೆಯಿಂದ. ಆಫ್ರಿಕಾ ಮೂಲದ ಸಿದ್ದಿ ಸಮುದಾಯ ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದಲ್ಲೂ ಇದೆ. ಅಲ್ಲಿ ಅವರು ಕನ್ನಡ, ಕೊಂಕಣಿ ಮಾತನಾಡುತ್ತಾರೆ.

ಇಂಥ ಕಡೆ ಹೋದವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಮುಖ ಭಿನ್ನವಾಗಿದೆ ಎಂದು ಕ್ಯಾಮೆರಾ ಎತ್ತುವುದು. ತಲೆಮಾರುಗಳಿಂದ ಇಲ್ಲೇ ಬಾಳಿದವರನ್ನು ಹೊರಗಿನವರಂತೆ ತೋರಿಸುವ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಅನ್ಯಾಯ. ಮೊದಲು ಚಹಾ ಕುಡಿಯುತ್ತ ನಾಲ್ಕು ಮಾತಾಡಿ. "ಒಂದು ಫೋಟೋ ತೆಗೀಲಾ?" ಎಂದು ಕೇಳಿ. ಬೇಡ ಎಂದರೆ ನಗುತ್ತಲೇ ಕ್ಯಾಮೆರಾ ಇಳಿಸಿ. ಮಕ್ಕಳ ಫೋಟೋ ಆದರೆ ತಂದೆ-ತಾಯಿಯನ್ನು ಕೇಳಿ. ತೆಗೆದ ಮೇಲೆ ಅವರಿಗೆ ತೋರಿಸಿ, ಕಳಿಸುತ್ತೇನೆ ಎಂದು ಮಾತು ಕೊಟ್ಟರೆ ಕಳಿಸಿ.

ಪೂಜಾಸ್ಥಳಗಳಲ್ಲೂ ಇದೇ ರೀತಿ. ಶಂಶಾಬಾದ್ ಬಳಿಯ ಅಮ್ಮಪಲ್ಲಿಯ ಸೀತಾರಾಮಚಂದ್ರ ಸ್ವಾಮಿ ದೇವಸ್ಥಾನದ ಎತ್ತರದ ಗೋಪುರ ಮತ್ತು ಪುಷ್ಕರಣಿ ಹಲವು ತೆಲುಗು ಸಿನಿಮಾಗಳಲ್ಲಿ ಕಾಣಿಸಿಕೊಂಡಿವೆ. ಸಿನಿಮಾದಲ್ಲಿ ನೋಡಿದ ಜಾಗ ಎಂದ ಮಾತ್ರಕ್ಕೆ ಕೈಮುಗಿದು ನಿಂತ ಭಕ್ತರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಹಕ್ಕು ಯಾರಿಗೂ ಬರುವುದಿಲ್ಲ. ಗರ್ಭಗುಡಿಯ ಕಡೆ ಫೋನ್ ತಿರುಗಿಸುವ ಮುನ್ನ ಅರ್ಚಕರನ್ನು ಕೇಳುವುದು ಸೌಜನ್ಯ.

ಕೆಲವೆಡೆ ಇದು ಸೌಜನ್ಯದ ಮಾತಷ್ಟೇ ಅಲ್ಲ, ನಿಯಮವೂ ಹೌದು. ಅಂಡಮಾನ್‌ನಲ್ಲಿ ಜರಾವಾ ಬುಡಕಟ್ಟಿನವರ ಫೋಟೋ, ವಿಡಿಯೋ ತೆಗೆಯುವುದು ಶಿಕ್ಷಾರ್ಹ ಅಪರಾಧ. ಜಪಾನಿನ ಕ್ಯೋಟೋ ನಗರದ ಗಿಯೋನ್ ಪ್ರದೇಶದಲ್ಲಿ ಪ್ರವಾಸಿಗರು ಗೇಯ್ಶಾ ಕಲಾವಿದೆಯರನ್ನು ಬೆನ್ನಟ್ಟಿ ಫೋಟೋ ತೆಗೆಯುವುದು ಹೆಚ್ಚಾದಾಗ, ಸ್ಥಳೀಯರು 2019ರಲ್ಲಿ ಖಾಸಗಿ ಓಣಿಗಳಲ್ಲಿ ಅನುಮತಿ ಇಲ್ಲದೆ ಫೋಟೋ ತೆಗೆದರೆ 10 ಸಾವಿರ ಯೆನ್ ದಂಡ ಎಂಬ ಫಲಕ ಹಾಕಿದರು.

ಹೆಸರು ಕೇಳುವುದು ಏಕೆ ಮುಖ್ಯ ಎಂಬುದಕ್ಕೆ ಜಗತ್ಪ್ರಸಿದ್ಧ ಉದಾಹರಣೆಯೊಂದಿದೆ. ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರು ಕಣ್ಣಿನ ಆಫ್ಘನ್ ಬಾಲಕಿಯ ಚಿತ್ರ, 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟವಾಯಿತು. ಕೋಟ್ಯಂತರ ಜನ ಆ ಕಣ್ಣುಗಳನ್ನು ನೋಡಿದರು. ಆಕೆಯ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ, ಆಕೆಯನ್ನು ಮತ್ತೆ ಹುಡುಕಿ ಪತ್ತೆ ಹಚ್ಚಿದ ಮೇಲೆ.

ಮನೆಗೆ ಮರಳಿದ ಮೇಲೆ ಅರ್ಧ ಗಂಟೆಯ ಕೆಲಸ

ಪ್ರವಾಸ ಮುಗಿದ ವಾರದೊಳಗೆ ಫೋಟೋಗಳನ್ನು ಸೋಸಿ. ನೂರರಲ್ಲಿ ಹತ್ತು ಉಳಿಸಿಕೊಂಡರೂ ಸಾಕು. ಆ ಹತ್ತಕ್ಕೆ ಯಾರು, ಎಲ್ಲಿ, ಯಾವಾಗ ಎಂದು ಒಂದೊಂದು ಸಾಲು ಬರೆಯಿರಿ. ವಿದೇಶಕ್ಕೆ ಹೋಗಿದ್ದರೆ ಕ್ಯಾಮೆರಾದ ಗಡಿಯಾರ ಅಲ್ಲಿನ ಸಮಯಕ್ಕೆ ಹೊಂದಿಕೆಯಾಗಿತ್ತೇ ನೋಡಿ, ಇಲ್ಲದಿದ್ದರೆ ಮುಂಜಾನೆಯ ಚಿತ್ರಕ್ಕೆ ಮಧ್ಯರಾತ್ರಿಯ ಸಮಯ ಬಿದ್ದಿರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋದಂತೆ ಕಳಿಸಿದರೆ ಚಿತ್ರದ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದಂಥ ಒಳಮಾಹಿತಿಯೂ ಅಳಿಸಿ ಹೋಗುತ್ತದೆ. ಮನೆಯವರಿಗೆ ಮೂಲ ಪ್ರತಿ ಬೇಕಿದ್ದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಮುಖ್ಯವಾದ ಚಿತ್ರಗಳ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ಸಂಬಂಧಿಕರ ಬಳಿ ಅಥವಾ ಕ್ಲೌಡ್‌ನಲ್ಲಿ. ಆಯ್ದ ಕೆಲವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹೆಸರು ಬರೆಯಿರಿ. ಶಾಯಿ ಪೆನ್ನಾದರೆ ಮುಂಬದಿಗೆ ಇಳಿಯುವ ಸಾಧ್ಯತೆ ಇರುತ್ತದೆ.

ಮುಂದಿನ ಬಾರಿ ಶಂಶಾಬಾದ್‌ನಲ್ಲಿ ವಿಮಾನಕ್ಕೆ ಎರಡು ಮೂರು ಗಂಟೆ ಕಾಯಬೇಕಾಗಿ ಬಂದರೆ ಫೋನಿನ ಗ್ಯಾಲರಿ ತೆರೆದು ನೋಡಿ. ಹೆಸರು ಗೊತ್ತಿಲ್ಲದ ಮುಖ ಕಂಡರೆ ಊರಿನಲ್ಲಿರುವ ಹಿರಿಯರಿಗೆ ಒಂದು ಫೋನ್ ಮಾಡಿ ಕೇಳಿ. ಹೊಸ ಫೋಟೋ ನಾಳೆಯೂ ತೆಗೆಯಬಹುದು. ಹಳೆಯದರ ಹೆಸರು ಇಂದೇ ಕೇಳಿಕೊಳ್ಳಿ.